ಹದ್ದಣ್ಣನ ಆಕಾಶದ ಕುರ್ಚಿ

ಹದ್ದಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಅವನು ಟವರ್ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಒಡ್ಡೋಲಗ ನಡೆಸುವ ಚಕ್ರವರ್ತಿ. ಎಡಗೈಯ ಹ್ಯಾಂಡಲ್ ತಿರುಗಿಸಿದರೆ ಕ್ರೇನಿನ ಉದ್ದ ತೋಳು ದಿಕ್ಕು ಬದಲಿಸುತ್ತಿತ್ತು. ಬಲಗೈಯದನ್ನು ಎಳೆದರೆ ಟನ್ನುಗಟ್ಟಲೆ ಕಬ್ಬಿಣ ಹೂವಿನಂತೆ ಮೇಲೇಳುತ್ತಿತ್ತು. ದೊಡ್ಡ ದೊಡ್ಡ ಇಂಜಿನಿಯರುಗಳ ನೆತ್ತಿಯ ಬೋಳು ಅವನಿಗೆ ಚೆನ್ನಾಗಿ ಗೊತ್ತು. ಪಾರಿವಾಳಗಳ ಬೆನ್ನು ನೋಡಿಕೊಂಡು ಬದುಕಿದವನು. ನೆಲದ ಮೇಲೆ ಮಾತ್ರ ಹೆಂಡತಿಗೆ "ಆಯ್ತು" ಅನ್ನುವುದರ ಹೊರತು ಬೇರೆ ಅಧಿಕಾರ ಇರಲಿಲ್ಲ. ಹಾಗಾಗಿ ಅರವತ್ತು ದಾಟಿದ ಮೇಲೂ ಬೆಳಗಾದರೆ ಸಾಕು, ಏಣಿಯ ನೆನಪಾಗಿ ಅಂಗಾಲು ತುರಿಸುತ್ತಿತ್ತು.

ಈಗ ಎದ್ದು ನಿಲ್ಲುತ್ತಿದ್ದ ಹೋಟೆಲ್ ಅವನ ಕೊನೆಯ ಕಟ್ಟಡ. ಆಮೇಲೆ ನಿವೃತ್ತಿ ಎಂದು ಕಂಪನಿ ಹೇಳಿಯಾಗಿತ್ತು. ಅವನ ಆಸೆ ಒಂದೇ: ಕಟ್ಟಡದ ನೆತ್ತಿಯ ಕೊನೆಯ ತೊಲೆಯನ್ನು ತಾನೇ ಇಳಿಸಿ, ತಾನೇ ಸ್ವಿಚ್ ಆರಿಸಿ, ಆ ಕುರ್ಚಿಯಿಂದ ಏಳಬೇಕು.

ಇದಕ್ಕೆ ಅಡ್ಡ ಬಂದದ್ದು ಬಿರುಗಾಳಿಯಲ್ಲ, ಸಿಡಿಲಲ್ಲ. ಉಚ್ಚೆ.

ಏಣಿ ಇಳಿದು ಹತ್ತುವಷ್ಟರಲ್ಲಿ ಅರ್ಧ ಹೊತ್ತು ಹೋಗುತ್ತದೆಂದು ಕ್ರೇನಿನವರೆಲ್ಲ ಮೇಲೆಯೇ ಒಂದು ಬಾಟಲಿ ಇಟ್ಟುಕೊಂಡಿರುತ್ತಾರೆ. ಮೊದಲಾದರೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಈಗ ಚಕ್ರವರ್ತಿಗಳು ಬಾಟಲಿ ಹಿಡಿದು ನಿಂತರೆ ಮೊದಲು ಏನೂ ಇಲ್ಲ. ಆಮೇಲೆ ಹನಿ. ಆಮೇಲೆ ಮೌನ. ಆಮೇಲೆ ದಾರದಂಥ ಧಾರೆ. ಮುಗಿಯಿತೆಂದು ಕೂತರೆ ಮತ್ತೆ ಕರೆ. ಅಷ್ಟರಲ್ಲಿ ಕೆಳಗಿನಿಂದ ಸಿಗ್ನಲ್‌ಮನ್ ವಾಕಿಟಾಕಿಯಲ್ಲಿ ಅರಚುತ್ತಿದ್ದ.

"ಹದ್ದಣ್ಣಾ, ಬಕೆಟ್ ತುಂಬಿದೆ, ಎತ್ತಣ್ಣಾ! ನಿದ್ದೆ ಹೊಡೀತಿದೀಯಾ? ಕಾಂಕ್ರೀಟು ಕಲ್ಲಾಗ್ತಿದೆ ಇಲ್ಲಿ!"

"ಮೋಟಾರು ಕಣೋ... ಶುರು ಆಗೋಕೆ ತಡವರಿಸ್ತಿದೆ."

ಈ ಒಂದು ಸುಳ್ಳಿಗೆ ಮೆಕ್ಯಾನಿಕ್ ಬಂದ. ಮೋಟಾರು ಬಿಚ್ಚಿದ, ಎಣ್ಣೆ ಬದಲಿಸಿದ, ಬ್ರೇಕು ನೋಡಿದ, ಮೂರು ದಿನ ಬೆವರು ಸುರಿಸಿದ. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಇದು ಕುದುರೆ ಥರ ಇದೆ. ಆಪರೇಟರಿಗೇ ಏನಾದ್ರೂ ಆಗಿದೆಯಾ ನೋಡ್ರಪ್ಪಾ" ಎಂದು ನಕ್ಕು ಹೋದ. ಹದ್ದಣ್ಣ ನಗಲಿಲ್ಲ. ಇಷ್ಟು ವರ್ಷ ಕೈ ಕೊಡದ ಕ್ರೇನಿನ ಮೇಲೆ ತಾನೇ ಚಾಡಿ ಹೇಳಿದೆನಲ್ಲ ಎಂದು ಹ್ಯಾಂಡಲನ್ನು ಅಂಗಿಯ ತುದಿಯಿಂದ ಒರೆಸಿದ.

ಮನೆಯಲ್ಲಿ ಬೇರೆ ವಿಚಾರಣೆ. "ರಾತ್ರಿಯೆಲ್ಲ ಮಂಚಕ್ಕೂ ಬಚ್ಚಲಿಗೂ ಮೆರವಣಿಗೆ ಹೊರಡ್ತೀರಲ್ಲ, ಡಾಕ್ಟರಿಗೆ ತೋರಿಸಬಾರದಾ?"

"ವಯಸ್ಸಾಯ್ತಲ್ಲೇ."

"ವಯಸ್ಸು ನನಗೂ ಆಗಿದೆ. ನಾನು ಮೆರವಣಿಗೆ ಹೊರಟಿದೀನಾ?"

ಡಾಕ್ಟರು ಏನಾದರೂ ಹುಡುಕಿಬಿಟ್ಟರೆ ಏಣಿ ಮುಟ್ಟಲು ಬಿಡುವುದಿಲ್ಲವೆಂಬ ಭಯ ಅವನಿಗೆ. ಅದಕ್ಕೇ ಸ್ವಂತ ವೈದ್ಯ ಶುರುಮಾಡಿದ: ನೀರು ಕುಡಿಯುವುದನ್ನೇ ಬಿಟ್ಟ. ನಾಲಿಗೆ ಒಣಗಿತು, ಉರಿ ಶುರುವಾಯಿತು, ಮೆರವಣಿಗೆ ನಿಲ್ಲಲಿಲ್ಲ. ಅದರ ಮೇಲೆ ನೆಗಡಿ ಬಂತು. ಅಂಗಡಿಯಿಂದ ನೆಗಡಿ ಮಾತ್ರೆ ತಂದು ನುಂಗಿ ಮೇಲೇರಿದ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಪೂರ್ತಿ ಬಂದ್. ಹೊಟ್ಟೆ ನಗಾರಿಯಾಯಿತು, ಒಂದು ಹನಿಯಿಲ್ಲ.

ಆ ಸ್ಥಿತಿಯಲ್ಲಿ ಅವನು ಏಣಿಯಿಳಿದ ಸಾಹಸಕ್ಕೆ ಯಾವ ರಾಜನ ಪದಕವೂ ಸಾಲದು. ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿದ.

"ಏನಣ್ಣಾ, ಹೊಟ್ಟೆಯೊಳಗೆ ಏನು ಕದ್ದು ತರ್ತಿದೀಯಾ?" ಎಂದು ಶುರುಮಾಡಿದ ಸಿಗ್ನಲ್‌ಮನ್, ಅವನ ಮುಖ ನೋಡಿ ಬಾಯಿ ಮುಚ್ಚಿ ಕಾರು ತರಿಸಿದ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ ಸಿಕ್ಕ ಸುಖಕ್ಕೆ ಹದ್ದಣ್ಣನ ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಮಂಚದ ಪಕ್ಕ ಕೂತು ಕೇಳಿದರು: "ಶುರು ಆಗೋಕೆ ತಡ ಆಗ್ತಿತ್ತಾ? ನಿಂತು ನಿಂತು ಬರ್ತಿತ್ತಾ? ಬಲ ಇರಲಿಲ್ವಾ?"

"ಮೋಟಾರಿನ ಮೇಲೆ ನಾನು ಕೊಟ್ಟ ದೂರು ನಿಮಗ್ಯಾರು ಹೇಳಿದ್ರು ಮೇಡಂ?"

ಸುದ್ದಿ ಕೇಳಿ ಓಡಿಬಂದಿದ್ದ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಡಾಕ್ಟರಮ್ಮ ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷಿಸುವಾಗ ಚಕ್ರವರ್ತಿಗಳು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದಿದರು. ರಕ್ತ, ಸ್ಕ್ಯಾನ್ ಎಲ್ಲ ಆಯಿತು.

"ಕ್ಯಾನ್ಸರಿನ ಲಕ್ಷಣ ಏನೂ ಕಾಣ್ತಿಲ್ಲ, ಹೆದರಬೇಡಿ. ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಅಂತ ಗ್ರಂಥಿ ಇರುತ್ತೆ. ವಯಸ್ಸಾದ ಗಂಡಸರಲ್ಲಿ ಅದು ದಪ್ಪಗಾಗಿ ದಾರಿಯನ್ನ ಅಮುಕುತ್ತೆ. ನೆಗಡಿ ಮಾತ್ರೆ ಅದನ್ನ ಇನ್ನೂ ಬಿಗಿ ಮಾಡ್ತು. ನೀರು ಬಿಟ್ಟದ್ದೂ ತಪ್ಪು. ಹಗಲು ಕುಡೀರಿ, ಮಲಗೋ ಮುಂಚೆ ಕಮ್ಮಿ ಮಾಡಿ. ಬಿಗಿ ಸಡಿಲ ಆಗೋಕೆ ಮಾತ್ರೆ ಕೊಡ್ತೀನಿ. ಎದ್ದು ನಿಂತಾಗ ತಲೆ ಸುತ್ತಬಹುದು."

"ಮೇಲೆ ಹತ್ತಬಹುದಾ?"

"ಎಷ್ಟು ಮೇಲೆ?"

ಅವನು ಕಿಟಕಿಯಾಚೆ ಕ್ರೇನಿನ ತುದಿಯತ್ತ ಬೆರಳು ತೋರಿಸಿದ. ಡಾಕ್ಟರಮ್ಮ ಕತ್ತೆತ್ತಿದರು, ಇನ್ನೂ ಎತ್ತಿದರು. "ಅಯ್ಯಯ್ಯೋ, ಅಲ್ಲಿಗಾ? ಈ ಮಾತ್ರೆ ತಗೊಂಡು ಖಂಡಿತ ಬೇಡ."

ನಳಿಕೆ ತೆಗೆದರೂ ಮೂತ್ರಚೀಲ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಗ್ರಂಥಿಯನ್ನು ಕುಗ್ಗಿಸುವ ಇನ್ನೊಂದು ಮಾತ್ರೆಗೆ ಆರು ತಿಂಗಳಾದರೂ ಬೇಕು. ಕಟ್ಟಡ ಅಷ್ಟು ಕಾಯುವುದಿಲ್ಲ. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ಒಳಹೋಗಿ ಕೆತ್ತಿ ತೆಗೆಯುವ ಆಪರೇಷನ್ ಇದೆ, ಆಮೇಲೆ ಕೆಲವು ವಾರ ಏಣಿ, ಭಾರ ಎರಡೂ ಬೇಡ ಎಂದರು. ಹದ್ದಣ್ಣ ಬೆರಳು ಮಡಿಸಿ ಲೆಕ್ಕ ಹಾಕಿದ. ಕೊನೆಯ ತೊಲೆಯ ಹೊತ್ತಿಗೆ ಕುರ್ಚಿ ಮುಟ್ಟಬಹುದು! "ಇವತ್ತೇ ಮಾಡಿಬಿಡಿ" ಅಂದ.

ಮುಂದಿನ ವಾರ ಆಪರೇಷನ್ ಆಯಿತು. ಮೊದಮೊದಲು ಕೆಂಪಗೆ ಹೋಗಿ, ಆಮೇಲೆ ತಿಳಿಯಾಗಿ, ಕೊನೆಗೊಂದು ದಿನ ಪ್ರಾಯದ ಹುಡುಗನ ಧಾರೆ. ಆದರೆ ಅವನ ಜೀವವೆಲ್ಲ ಮನೆಯ ಕಿಟಕಿಯಲ್ಲಿತ್ತು. ಅಲ್ಲಿಂದ ಛಾವಣಿಗಳ ಸಾಲಿನಾಚೆ ಕ್ರೇನಿನ ತೋಳು ಕಾಣುತ್ತಿತ್ತು. ಅವನ ಕುರ್ಚಿಯಲ್ಲಿ ಈಗ ಇನ್ಯಾರೋ.

"ಹುಕ್ಕು ಹೇಗೆ ತೊನೆದಾಡಿಸ್ತಿದ್ದಾನೆ ನೋಡೇ ಆ ಅಡ್ಡಕಸುಬಿ!"

"ನೋಡಿದೆ. ನೀರು ಕುಡೀರಿ. ಆ ಕ್ರೇನನ್ನೇ ಮದುವೆ ಆಗಬೇಕಿತ್ತು ನೀವು."

"ಕೇಳಿದ್ದೆ. ಅದು ಒಪ್ಪಲಿಲ್ಲ."

ಡಾಕ್ಟರಮ್ಮ ಹೇಳಿದ ಗಡುವಿಗೆ ಇನ್ನೊಂದು ವಾರವಿತ್ತು. ಮೂರು ದಿನ ಮಂಜು ಮುಸುಕಿ ಏನೂ ಕಾಣದೆ, ನಾಲ್ಕನೆಯ ಬೆಳಿಗ್ಗೆ ಕಿಟಕಿ ತೆಗೆದರೆ ಛಾವಣಿಗಳ ಮೇಲೆ ಬರೀ ಆಕಾಶ. ಸಂಜೆ ಸಿಗ್ನಲ್‌ಮನ್ ಬಂದು ಬಾಗಿಲಲ್ಲೇ ತಲೆ ಕೆರೆದುಕೊಂಡ. "ಮಳೆಗೆ ಮುಂಚೆ ಕೆಲಸ ಮುಗಿಸಿ ಕ್ರೇನು ಬಿಚ್ಚಿಬಿಡಿ ಅಂದ್ರು ಕಂಪನಿಯವರು, ಅಣ್ಣಾ."

"ಕೊನೇ ತೊಲೆ ಕೂತ್ಕೊಂತಾ?"

"ಕೂತ್ಕೊಂತು."

"ಒಂದೇ ಸಲಕ್ಕಾ?"

ಸಿಗ್ನಲ್‌ಮನ್ ನೆಲ ನೋಡಿದ. "ಮೂರನೇ ಸಲಕ್ಕೆ."

ಹದ್ದಣ್ಣನಿಗೆ ಗೆದ್ದಷ್ಟೇ ಸಂತೋಷವಾಯಿತು. ಆ ಸಂತೋಷ ಎದೆಯಲ್ಲಿ ಚುಚ್ಚಿತು ಕೂಡ.

ಎಲ್ಲಿ ಬೇಕಾದರೂ ಹತ್ತಬಹುದು ಎಂದು ಡಾಕ್ಟರಮ್ಮ ಅನುಮತಿ ಕೊಟ್ಟ ದಿನ ಹತ್ತಲು ಏನೂ ಉಳಿದಿರಲಿಲ್ಲ. ಆದರೂ ಹೆಂಡತಿಯನ್ನು ಕರೆದುಕೊಂಡು ಹೊಸ ಹೋಟೆಲಿಗೆ ಹೋದ. ಸಿಗ್ನಲ್‌ಮನ್ ಲಿಫ್ಟಿನಲ್ಲಿ ತಾರಸಿಗೆ ಬಿಟ್ಟ. ಅವಳು ಗೋಡೆ ಗಟ್ಟಿಯಾಗಿ ಹಿಡಿದು ಕೆಳಗೆ ಇಣುಕಿದಳು.

"ಅಮ್ಮಾ! ಇಷ್ಟು ಎತ್ತರದಲ್ಲಾ ಇರ್ತಿದ್ರಿ?"

"ಇಲ್ಲಲ್ಲ ಕಣೇ." ಅವನು ನೀರಿನ ಟ್ಯಾಂಕಿಗಿಂತ ಎಷ್ಟೋ ಮೇಲೆ, ಬರೀ ಗಾಳಿಯತ್ತ ಬೆರಳು ತೋರಿಸಿದ. "ಅಲ್ಲಿ."

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಆ ಏನೂ ಇಲ್ಲದ ಜಾಗವನ್ನೇ ನೋಡಿದಳು. "ಅಲ್ಲಿಂದ ನಮ್ಮನೆ ಕಾಣ್ತಿತ್ತಾ?"

"ದಿನಾ. ನೀನು ಬಟ್ಟೆ ಹರವೋದು ಕಾಣ್ತಿತ್ತು."

"ಒಂದು ದಿನಾನೂ ಹೇಳ್ಲಿಲ್ಲ."

ಗೋಡೆಯ ಮೇಲಿದ್ದ ಅವನ ಬಲಗೈ ಹ್ಯಾಂಡಲ್ ಹಿಡಿದಂತೆ ತಾನಾಗಿ ಮುಷ್ಟಿಯಾಯಿತು. ಏನನ್ನೋ ಮೆಲ್ಲಗೆ, ಒಂದಿಷ್ಟೂ ಅಲುಗದಂತೆ, ತನ್ನ ಕಡೆಗೆ ಎಳೆದುಕೊಂಡಿತು.