ಎಣ್ಣೆ ಡಬ್ಬಿಯ ನೆರಳು

ಹೋದ ವಾರ ಮಾನ್ವಿ ಕಡೆಯ ನೀರಿನ ಕೊಳವೆಗೆ ಹಾಕಲೆಂದು ಹೊಸ ಸೆನ್ಸರ್‌ಗಳು ರಾಯಚೂರಿನ ನಮ್ಮ ಕಚೇರಿಗೆ ಬಂದವು. ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಒಂದೊಂದರ ಜೊತೆಗೂ ಬಿಳಿ ಪ್ಲಾಸ್ಟಿಕ್ಕಿನ ಒಂದು ಟೋಪಿ. ಇದೇನು ಎಂದು ಜೊತೆಗಿದ್ದ ಚೀಟಿ ಓದಿದೆ. ಬಿಸಿಲು ತಾಗದಂತೆ ಸೆನ್ಸರ್ ಮೇಲೆ ಇದನ್ನು ಕಡ್ಡಾಯವಾಗಿ ಮುಚ್ಚಬೇಕಂತೆ. ಕಡ್ಡಾಯವಾಗಿ! ಟೋಪಿಯನ್ನು ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು.

ಆರು ವರ್ಷದ ಹಿಂದೆ ಒಬ್ಬ ಯಪ್ಪ ಇದನ್ನೇ ಹೇಳಿದ್ದ. ಗೂಗಲ್ ಎಂಬ ಊರಿನ ಹತ್ತಿರ ಕೃಷ್ಣಾ ನದಿಯಿಂದ ದೇವದುರ್ಗದ ಕಡೆ ಬರುವ ಕಬ್ಬಿಣದ ಕೊಳವೆಯನ್ನು ಕಾಯುವವನು ಆತ. ಸೈಕಲ್ ತಳ್ಳಿಕೊಂಡು ಹೋಗಿ, ಅಲ್ಲಲ್ಲಿ ನಿಂತು, ಸಲಾಕೆಯ ಒಂದು ತುದಿ ಕೊಳವೆಗೆ ಇನ್ನೊಂದು ತುದಿ ಕಿವಿಗೆ ಇಟ್ಟು ಸೋರಿಕೆ ಕೇಳುತ್ತಿದ್ದ. ಕಬ್ಬಿಣ ಎಲ್ಲಿ ಸವೆದಿದೆ ಎಂದು ರಾಯಚೂರಿನಲ್ಲಿ ಕೂತೇ ಕಂಪ್ಯೂಟರಿನಲ್ಲಿ ನೋಡಬಹುದು ಎಂದು ನಾನು ಅದೇ ಕೊಳವೆಗೆ ಸೆನ್ಸರ್ ಕೂರಿಸಿದೆ. ಇನ್ನು ಈ ಮನುಷ್ಯ ಬೇಕೋ ಬೇಡವೋ ಎಂಬುದನ್ನೂ ನನ್ನ ವರದಿ ನೋಡಿಯೇ ಮೇಲಿನ ಸಾಹೇಬರು ತೀರ್ಮಾನಿಸುವವರಿದ್ದರು. ಅದು ಆತನಿಗೂ ಗೊತ್ತಿತ್ತು.

ಕೂರಿಸಿದ ನಾಲ್ಕನೇ ದಿನವೇ ಅರಕೇರಾ ಹತ್ತಿರದ ಸೆನ್ಸರ್ ಸುದ್ದಿಯಿಲ್ಲದೆ ಸುಮ್ಮನಾಯಿತು. ಬೈಕ್ ಹತ್ತಿ ಹೋಗಿ ನೋಡಿದರೆ, ಕೋಳಿಮರಿಗೆ ಬುಟ್ಟಿ ಮುಚ್ಚಿದ ಹಾಗೆ ಸೆನ್ಸರ್ ಮೇಲೆ ಎಣ್ಣೆ ಡಬ್ಬಿ ಬೋರಲು ಹಾಕಿದ್ದಾನೆ! ತಗಡು ದಾಟಿ ಸಿಗ್ನಲ್ ಎಲ್ಲಿಂದ ಬರಬೇಕು?

"ಯಪ್ಪಾ, ಇದನ್ಯಾಕ ಮುಚ್ಚೀದಿ?"

"ಬಿಸಲು ನೋಡ್ರಿ ಸಾಹೇಬ್ರ, ಹೆಂಗ ಉರಿಯಾಕತ್ತದ. ಕೈ ಇಟ್ರ ಸುಡ್ತದ ಅದು. ಅದಕ್ಕ ನೆಳ್ಳು ಬ್ಯಾಡೇನ್ರಿ?"

ಮೊದಲು ಗೋಣಿತಟ್ಟು ಹೊದಿಸಿದ್ದನಂತೆ, ಆಡು ಎಳೆದು ತಿಂದವಂತೆ. ಅದಕ್ಕೆ ಡಬ್ಬಿ. ಸಿಗ್ನಲ್ ಎಂದರೇನೆಂದು ಅರ್ಧ ತಾಸು ಬಿಡಿಸಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಿಸಿ ಕಳಿಸಿದ. ವಾರ ಕಳೆಯುವುದರೊಳಗೆ ಮತ್ತೊಂದು ಸೆನ್ಸರ್ ಮೇಲೆ ಡಬ್ಬಿ! ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುವ ಹಾಗೆ, ನಾನು ಇಲ್ಲಿ ತೆಗೆದರೆ ಆತ ಅಲ್ಲಿ ಮುಚ್ಚುತ್ತಿದ್ದ. ಹೋದಾಗಲೆಲ್ಲ ಅದೇ ಮಾತು, ಅದೇ ಒಗ್ಗರಣಿ. ಆ ಧೂಳಿನ ರಸ್ತೆಯಲ್ಲಿ ಎಷ್ಟು ಸಲ ತಿರುಗಿದೆನೋ... ತಲೆ ಚಿಟ್ಟು ಹಿಡಿದುಹೋಯಿತು.

ಬಿಸಿಲಿಗೆ ಕಾದ ಸೆನ್ಸರ್ ಮೇಲೆ ಒಂದು ಸಲ ಕೈಯಿಟ್ಟು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಕೆಲಸ ಉಳಿಸಿಕೊಳ್ಳಲು ಈ ಮುದುಕ ಬೇಕೆಂದೇ ಕೆಡಿಸುತ್ತಿದ್ದಾನೆ ಎಂದು ನನ್ನ ಮನಸ್ಸಿಗೆ ಹೊಕ್ಕಿತು, ಹೊಕ್ಕಿದ್ದನ್ನೇ ವರದಿಯಲ್ಲಿ ಬರೆದೆ. ತಿಂಗಳೊಳಗೆ ಆತನನ್ನು ಕೆಲಸದಿಂದ ಬಿಡಿಸಿದರು. ಸಾಮಾನು ಒಪ್ಪಿಸಲು ಬಂದ ದಿನ ಆತ ಜಗಳವಾಡಲಿಲ್ಲ. ಸಲಾಕೆಯನ್ನು ನನ್ನ ಮೇಜಿನ ಮೇಲಿಟ್ಟು, "ಅವನ್ನ ಒಂದೀಟು ನೋಡಿಕೋರಿ ಸಾಹೇಬ್ರ, ಬ್ಯಾಸಗಿ ಬಾಳ ಕೆಟ್ಟದ್ದು" ಅಂದ. ಹೋಗುವಾಗಲೂ ನನಗೇ ಬುದ್ಧಿ ಹೇಳುತ್ತಾನಲ್ಲ ಎಂದು ಸಿಟ್ಟೇ ಬಂತು.

ಬೇಸಿಗೆ ಬಂತು. ಸೆನ್ಸರ್‌ಗಳು ಒಂದೊಂದಾಗಿ ಸತ್ತವು. ಬಿಚ್ಚಿದರೆ ಒಳಗೆ ಬ್ಯಾಟರಿ ಉಬ್ಬಿ ಕೂತಿತ್ತು. ಕಾವಿಗೆ ಹೀಗಾಗಿದೆ ಎಂದು ಗೊತ್ತಾದರೂ, ತಂದ ಮಾಲೇ ಸರಿಯಿಲ್ಲ ಎಂದು ಬರೆದೆ. ನನ್ನ ತಪ್ಪು ಬರೆಯಲು ಕೈ ಬರಲಿಲ್ಲ. ಮುಂದಿನ ಬೇಸಿಗೆ ಹೊಸವು ಬಂದವು, ಅವೂ ಸತ್ತವು. ಕೊಳವೆ ಎರಡು ಕಡೆ ಒಡೆದಾಗ ಸುದ್ದಿ ಕೊಟ್ಟಿದ್ದು ಕುರಿ ಕಾಯುವವರು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬಂದಿದ್ದು ಈ ಟೋಪಿ ನೋಡಿದ ಮೇಲೆ.

ಮೊನ್ನೆ ಒಂದು ಟೋಪಿ ಚೀಲಕ್ಕೆ ಹಾಕಿಕೊಂಡು ಅರಕೇರಾದ ಆತನ ಮನೆಗೆ ಹೋದೆ. ಆತನಿಗೆ ತೋರಿಸಬೇಕು, ಬೇಕಾದಷ್ಟು ಬೈಸಿಕೊಳ್ಳಬೇಕು, ಮತ್ತೆ ಕೆಲಸಕ್ಕೆ ಕರೆಯಲು ಸಾಹೇಬರಿಗೆ ನಾನೇ ಹೇಳಬೇಕು... ದಾರಿಯುದ್ದಕ್ಕೂ ಇದನ್ನೇ ಜೋಡಿಸಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಆತನ ಹೆಂಡತಿ ಜೋಳ ಕೇರುತ್ತಿದ್ದಳು. ನಾನು ಯಾರೆಂದು ಹೇಳಿದೆ.

"ಡಬ್ಬಿ ಸಾಹೇಬ್ರೇನ್ರಿ ನೀವು?" ಅಂದಳು. "ಬರ್ರಿ, ಕುಂದರ್ರಿ. ಅವರು ತೀರಿಕೊಂಡು ಎರಡು ವರ್ಷ ಆತ್ರಿ."

ಟೋಪಿ ಚೀಲದಲ್ಲೇ ಉಳಿಯಿತು. ನನ್ನ ಮೇಲೆ ಸಿಟ್ಟಿತ್ತಾ ಎಂದು ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಇಲ್ರಿ. 'ಅಂವಗ ಇನ್ನಾ ತಿಳಿವಲ್ದು, ತಿಳದ ಮ್ಯಾಲ ಬರ್ತಾನ' ಅಂತಿದ್ರು. ಬೈಕ್ ಸಪ್ಪಳ ಕೇಳಿದ್ರ ಹೊರಗ ಬಂದು ನೋಡ್ತಿದ್ರು."

ಒಗ್ಗರಣಿ ಮಾಡುತ್ತೇನೆ ಅಂದಳು. ಒಳಗೆ ಹೋದೆ. ಕೂತು ತಿಂದೆ. ಹೊರಗೆ ಬಿಸಿಲಲ್ಲಿ ನಿಂತಿದ್ದ ನನ್ನ ಬೈಕಿನ ಸೀಟಿನ ಮೇಲೆ, ನಾನು ಒಳಗಿದ್ದಾಗ, ಅವಳು ಗೋಣಿತಟ್ಟು ಹೊದಿಸಿದ್ದಳು.