ಹಿತ್ತಲ ಕಾಲುವೆಗೆ ನಾನು ಬಿಟ್ಟ ನೀರು

ಒಣಗಿದ ಕಾಲುವೆಗೆ ಮೊದಲ ನೀರು ಬರುವಾಗ ಮುಂಚೆ ಕೇಳಿಸುವುದು ನೀರಲ್ಲ, ಕಸ. ಬೇಸಿಗೆಯಿಡೀ ತಳದಲ್ಲಿ ಬಿದ್ದ ಬೇವಿನೆಲೆ, ಒಣ ಜಾಲಿಕಾಯಿ, ಗುಟ್ಕಾ ಚೀಟಿಗಳನ್ನೆಲ್ಲ ನೀರು ಮುಂದೆ ನೂಕಿಕೊಂಡು ಬರುತ್ತದೆ. ಚರಚರ ಸದ್ದಾಗುತ್ತದೆ. ಅದು ದಾಟಿ ಹೋದ ಮೇಲೆ ನೀರಿನ ದನಿ. ಶಹಾಪುರದ ಅಂಚಿನ ನಮ್ಮ ಮನೆಯ ಹಿತ್ತಲಿಗೆ ಹತ್ತಿಯೇ ಕಾಲುವೆ. ಮದುವೆಯಾಗಿ ಬಂದಾಗಿನಿಂದ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಇದನ್ನು ಗಮನಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅನ್ನಿಸಿರಲಿಲ್ಲ.

ಮನೆಯವರು ಯಾದಗಿರಿಯ ಕಚೇರಿಗೆ ಎಂಟರ ಬಸ್ಸಿಗೆ ಹೊರಟರೆ ಬರುವುದು ಸಂಜೆ ದೀಪ ಹಚ್ಚಿದ ಮೇಲೆ. ಮಕ್ಕಳಿಲ್ಲ. ಉಳಿದವರು ನಾನು ಮತ್ತು ಅತ್ತೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ; ಆಪರೇಷನ್ ಅಂದರೆ ಒಲ್ಲೆ ಅನ್ನುತ್ತಿದ್ದರು. ಹಿಂದಿನ ಕೋಣೆಯ ಮಂಚದ ಮೇಲೆ ಕೂತು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಹತ್ತರಲ್ಲಿ ನನ್ನ ಪಾಲಿಗೆ ಬರುತ್ತಿದ್ದವು ನೀರು, ಔಷಧಿ, ಅನ್ನ.

ನನ್ನ ತಮ್ಮ ಬಳಸಿ ಬಿಟ್ಟ ಲ್ಯಾಪ್‌ಟಾಪನ್ನೂ ನುಡಿಸುವ ಮೂರಡಿಯ ಒಂದು ಕೀಬೋರ್ಡನ್ನೂ ರಂಗಂಪೇಟೆಯ ತವರಿನಿಂದ ತಂದಿಟ್ಟುಕೊಂಡಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರಾರ್ಥನೆಗೆ ಆರ್ಗನ್ ನುಡಿಸುವಾಗ ಪಕ್ಕದಲ್ಲಿ ನಿಂತು ಹಾಳೆ ತಿರುವುತ್ತಿದ್ದವಳು ನಾನು. ಅಷ್ಟೇ ನನ್ನ ಸಂಗೀತ. ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇತ್ತು. ತೆರೆದರೆ ಪರದೆಯ ಮೇಲೆ ಕಾಣುವುದು ಖಾಲಿ ಕಪಾಟು. ಸದ್ದು ಹುಟ್ಟಿಸುವುದೊಂದು, ಸೋಸುವುದೊಂದು, ಏರಿಳಿಸುವುದೊಂದು ಹೀಗೆ ಮಾಡ್ಯೂಲುಗಳನ್ನು ನಾವೇ ತಂದು ಕೂರಿಸಬೇಕು. ಬಣ್ಣದ ವೈರುಗಳಿಂದ ಒಂದರ ಬಾಯಿಯನ್ನು ಇನ್ನೊಂದರ ಕಿವಿಗೆ ಜೋಡಿಸಬೇಕು. ಜೋಡಿಸದಿದ್ದರೆ ಏನೂ ಕೇಳದು. ಫೋನಿನಲ್ಲಿ ವಿಡಿಯೋ ನೋಡುತ್ತ ಕಲಿತೆ. ಕೀಬೋರ್ಡಿನಿಂದ ಹೊರಡುವ ಮಿಡಿ ಎಂಬುದು ಸ್ವರವಲ್ಲ, ಬರೀ ಸುದ್ದಿ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಯಾವ ಕೀಲಿ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು, ಇಷ್ಟೇ. ಆ ಸುದ್ದಿಯಿಂದ ಏನು ಮಾಡಬೇಕೆಂಬುದು ನಾವು ಎಳೆದ ವೈರಿನ ಮೇಲೆ.

ಆ ವರ್ಷ ಕಾಲುವೆ ಬತ್ತಿದ ಮೇಲೆ ಮನೆಯಲ್ಲಿ ಮಧ್ಯಾಹ್ನ ಕಳೆಯುವುದು ಕಷ್ಟವಾಯಿತು. ಫ್ರಿಜ್ಜಿನ ಸದ್ದು ನಿಂತಾಗ ಮೈ ಜುಮ್ಮೆನ್ನುವಷ್ಟು ಮೌನ. ಆಗ ನೀರು ಮಾಡಲು ಕೂತೆ. ರೇಡಿಯೋ ಕೇಂದ್ರ ತಪ್ಪಿದಾಗ ಬರುವಂಥ ಗೊರಗೊರ ಸದ್ದನ್ನು ಸೋಸಿ ಸೋಸಿ ತಗ್ಗಿಸಿದೆ. ಅದು ಒಂದೇ ಸಮ ಇರದಂತೆ ನಿಧಾನ ಓಲಾಡಿಸಿದೆ. ಸಣ್ಣ ಗುಳ್ಳೆಗಳನ್ನು ಹೊತ್ತುಗೊತ್ತಿಲ್ಲದೆ ಸಿಡಿಸಿದೆ. ಕೀಬೋರ್ಡಿನ ಅಂಚಿನ ಚಕ್ರಕ್ಕೆ ಒಂದು ವೈರು ಎಳೆದು ಅದನ್ನೇ ತೂಬು ಮಾಡಿಕೊಂಡೆ, ತಿರುಗಿಸಿದಷ್ಟು ನೀರು. ಆದರೂ ನಲ್ಲಿಯ ನೀರಿನಂತೆಯೇ ಇತ್ತು. ಕೊನೆಗೆ ಮೊದಲ ಕೀಲಿಗೆ ಆ ಕಸದ ಚರಚರವನ್ನು ಕೂಡಿಸಿದೆ. ಹೆಡ್‌ಫೋನಿನಲ್ಲಿ ನಮ್ಮ ಕಾಲುವೆ ಬಂತು.

ತಲೆಯೊಳಗೆ ಹರಿಯುವ ನೀರು ಗೋಡೆಗೆ ಬಡಿದರೆ ಹೇಗಿರುತ್ತದೆ ನೋಡೋಣವೆಂದು ಮರುದಿನ ಒಂದು ಸ್ಪೀಕರನ್ನು ಜೋಡಿಸಿ ಹಿತ್ತಲ ಕಡೆಯ ಕಿಟಕಿಯಲ್ಲಿಟ್ಟೆ.

ಅತ್ತೆ ಎದ್ದು ಕೂತರು. "ನೀರ್ ಬಿಟ್ಟಾರ ನೋಡ್ ಬೇ."

ಆಗಲೇ ಹೇಳಬೇಕಿತ್ತು. ಆದರೆ ನಾನು ಮಾಡಿದ್ದನ್ನು ಆ ಮನೆಯಲ್ಲಿ ಯಾರೋ ಮೊದಲ ಸಲ ಕೇಳಿಸಿಕೊಂಡಿದ್ದರು. "ಹೌದೇನ್ರಿ ಅತ್ತಿ?" ಅಂದೆ.

"ಕೇಳ್ಸಂಗಿಲ್ಲೇನ್ ನಿನಗ? ಕಸ ತಳ್ಕೋತ ಬರಾಕತ್ತದ." ಆಮೇಲೆ ಕಾಲುವೆಗೆ ಮೊಟ್ಟಮೊದಲು ನೀರು ಬಂದ ವರ್ಷದ ಕಥೆ ಹೇಳಿದರು. ಊರಿನ ಹೆಂಗಸರೆಲ್ಲ ಅರಿಷಿಣ ಕುಂಕುಮ ಹಿಡಿದು ದಂಡೆಗೆ ಹೋದದ್ದು, ಯಾರದೋ ಚಪ್ಪಲಿ ತೇಲಿಹೋಗಿ ಅವಳು ಬರಿಗಾಲಲ್ಲಿ ನಗುತ್ತ ಮನೆಗೆ ಬಂದದ್ದು. ಅವಳು ಅತ್ತೆಯೇ. ನಾನು ಚಕ್ರದ ಮೇಲೆ ಬೆರಳಿಟ್ಟುಕೊಂಡೇ ಕೇಳಿದೆ. ಮರುದಿನವೂ, ಅದರ ಮರುದಿನವೂ ನೀರು ಬಿಟ್ಟೆ. ರಾತ್ರಿ ಸದ್ದಿಲ್ಲದ್ದಕ್ಕೆ ಕಾರಣವನ್ನೂ ಅವರೇ ಕಂಡುಕೊಂಡರು: "ಆನ್ ಆಫ್ ಮಾಡಾಕತ್ತಾರ, ಸರ್ಕಾರದ ಕೆಲಸ."

ನಮಗೆ ಹಾಲು ಹಾಕುವ ಹೆಂಗಸಿನ ಎರಡೆಕರೆ ಗದ್ದೆ ಕಾಲುವೆಯ ಕೊನೆಯಲ್ಲಿ. ಅವಳು ಬರುವ ದಾರಿಯಲ್ಲಿ ಕಾಲುವೆ ಸಿಗುವುದಿಲ್ಲ. ಪ್ರತಿ ವರ್ಷ ನೀರಿನ ಸುದ್ದಿ ಅವಳಿಗೆ ಮೊದಲು ಮುಟ್ಟುವುದು ಅತ್ತೆಯಿಂದಲೇ, ಒಮ್ಮೆಯೂ ತಪ್ಪಿರಲಿಲ್ಲ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವಳು ಹಾಲು ಅಳೆಯುತ್ತ ಹೇಳಿದಳು: "ಅಕ್ಕೋರ, ನಿಮ್ಮತ್ತಿ ಹೇಳಿದ್ದು ಚಲೋ ಆತು. ಬೀಜ ನೆನಿ ಹಾಕಿ ಗೋಣಿಚೀಲದಾಗ ಕಟ್ಟೀನಿ. ಮೊಳಕಿ ಒಡದಾವ. ನೀರ್ ನಮ್ಮ ಕಡಿ ಮುಟ್ಟೂದ್ರೊಳಗ ಸಸಿಮಡಿ ತಯಾರ್ ಮಾಡ್ತೀನಿ."

ಮೊಳೆತ ಭತ್ತ ಕಾಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಹಾಲಿನ ಪಾತ್ರೆ ಕೆಳಗಿಟ್ಟೆ. "ನೀರು ಬಂದಿಲ್ಲವ್ವ. ಅದು ನಾ ಮಾಡಿದ ಸಪ್ಪಳ."

"ನೀವ್ ಮಾಡಿದ್ದಂದ್ರ?"

ಒಳಗೆ ಕರೆದು ಮೊದಲ ಕೀಲಿ ಒತ್ತಿದೆ. ಅವಳು ಲ್ಯಾಪ್‌ಟಾಪು ನೋಡಿದಳು, ಕಿಟಕಿಗೆ ಹೋಗಿ ಬಿರುಕುಬಿಟ್ಟ ಕಾಲುವೆಯ ತಳ ನೋಡಿದಳು. ಬೈಯುತ್ತಾಳೆಂದು ಕಾದೆ. "ಇದು ಬೀಜಕ್ಕ ಹ್ಯಾಂಗ್ ತಿಳೀಬೇಕ್ರಿ ಅಕ್ಕೋರ," ಅಂದಳು, ಅಷ್ಟೇ.

ಮಂಚದಿಂದ ಅತ್ತೆ ಕೇಳಿದರು: "ಮೂರೂ ದಿನದ್ದು?"

"ಹೌದ್ರಿ ಅತ್ತಿ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಲ್ಲಿಂದಲೇ ಹಾಲಿನವಳಿಗೆ ಹೇಳಿದರು: "ನಮ್ಮ ಹಿತ್ತಲದಾಗ ಬೋರ್ ಅದ. ಕರಿಬೇವು ಬಿಟ್ಟು ಉಳಿದದ್ದೆಲ್ಲ ಕಿತ್ತಿ ಹಾಕ್ರಿ. ಸಸಿ ಇಲ್ಲೇ ಹಾಕು."

ಉಳಿದದ್ದೆಲ್ಲ ಅಂದರೆ ನನ್ನ ಗುಲಾಬಿ, ನನ್ನ ಸೇವಂತಿಗೆ. ಮಧ್ಯಾಹ್ನದೊಳಗೆ ಇಬ್ಬರೂ ಅಗೆದು, ಬೋರಿನ ನೀರು ನಿಲ್ಲಿಸಿ, ತುಳಿದು ಕೆಸರು ಮಾಡಿದೆವು. ಎರಡೆಕರೆಯ ಬೀಜಕ್ಕೆ ಜಾಗ ಸಾಲದು, ಒತ್ತಾಗಿಯೇ ಚೆಲ್ಲಿದಳು. ಆಮೇಲೆ ದಿನಾ ಬೆಳಿಗ್ಗೆ ಸಂಜೆ ಪೈಪು ಹಿಡಿದು ನಿಲ್ಲುವುದು ನನ್ನ ಕೆಲಸ. ಲ್ಯಾಪ್‌ಟಾಪು ಬೀರುವಿನೊಳಗೆ ಹೋಯಿತು. ಮನೆಯವರು ಒಂದು ಸಂಜೆ ಹಿತ್ತಲು ನೋಡಿ, "ಏನಿದು, ಒಕ್ಕಲುತನ ಹಿಡದ್ರೇನು?" ಎಂದು ನಕ್ಕು ಕೈಕಾಲು ತೊಳೆಯಲು ಹೋದರು. ಅತ್ತೆಯ ಹತ್ತು ಮಾತು ಮೂರಕ್ಕಿಳಿದವು. ಚಪ್ಪಲಿಯ ಕಥೆ ಹೇಳಿದವರು ಇವರೇ ಏನು ಅನ್ನಿಸುತ್ತಿತ್ತು.

ಸಸಿ ಗೇಣುದ್ದವಾಗಿತ್ತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಕೋಣೆಯಿಂದ ಕರೆದರು.

"ಏ, ಇದು ನಿಂದೇನ?"

ಕೈ ನಿಲ್ಲಿಸಿ ಕಿವಿಗೊಟ್ಟೆ. ಹಿತ್ತಲಾಚೆ ಚರಚರ ಅನ್ನುತ್ತಿತ್ತು. "ಅಲ್ರಿ ಅತ್ತಿ. ಖರೇ ನೀರು."

"ನೀ ಹಾಂಗೇ ಅಂತಿ. ಹೋಗಿ ಕೈ ತೊಯ್ಸ್ಕೊಂಡು ಬಾ."

ಹಿತ್ತಲ ಬಾಗಿಲಿನಿಂದ ದಂಡೆ ಇಳಿದು ನೊರೆಯಲ್ಲಿ ಕೈ ಅದ್ದಿದೆ. ಅತ್ತೆ ನನ್ನ ಅಂಗೈ ಹಿಡಿದು ಮೂಸಿದರು, ಬೆರಳುಗಳ ನಡುವೆ ಮಣ್ಣು ತಿಕ್ಕಿ ನೋಡಿದರು. "ಹೂಂ," ಅಂದರು. ಕೈ ಮಾತ್ರ ತಕ್ಷಣ ಬಿಡಲಿಲ್ಲ. "ನಿನ್ನ ನೀರಿನಾಗ ಕಪ್ಪಿ ವಟಗುಟ್ಟಿದ್ದಿಲ್ಲ. ಅವತ್ತೇ ತಿಳೀಬೇಕಿತ್ತು ನನಗ."

ವಾರದೊಳಗೆ ಹಾಲಿನವಳು ಸಸಿ ಕಿತ್ತು, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡು ಹೋದಳು. ಒಂದೂವರೆ ಎಕರೆಗೆ ಸಾಲಿತು, ಉಳಿದದ್ದಕ್ಕೆ ಪಕ್ಕದವರ ಸಸಿ ಕೇಳಿ ತಂದಳು. ಹಿತ್ತಲಲ್ಲಿ ಚೌಕದ ಕೆಸರು, ಅದರ ತುಂಬ ಅವಳ ಹೆಜ್ಜೆ, ನನ್ನ ಹೆಜ್ಜೆ. ಒಣಗುವವರೆಗೂ ಹಾಗೇ ಬಿಟ್ಟಿದ್ದೆ.

ಈಗಲೂ ನೀರು ಬಂದ ದಿನ ಅತ್ತೆ ನನ್ನ ಬಾಯಿ ಮಾತು ನಂಬುವುದಿಲ್ಲ. ಮಂಚದಿಂದ ಕೈ ಚಾಚುತ್ತಾರೆ. ನಾನು ದಂಡೆ ಇಳಿಯುತ್ತೇನೆ.