ಒಂದೇ ತಾಟಿನ ಊಟ

ನನ್ನ ಮೊಮ್ಮಗಳು ಈಗ ಉಂಡಮೇಲೆ ಹೊಟ್ಟೆ ಹಿಡಿದುಕೊಂಡು ಮಲಗುವುದಿಲ್ಲ. ಕಂಡವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ.

ತೂಕ ಇಳಿಸಲು ಅವಳ ಹೊಟ್ಟೆಯ ಆಪರೇಷನ್ ಆಗಿತ್ತು. ಗಾಯ ಮಾಯ್ದರೂ ನೋವು ಹೋಗಲಿಲ್ಲ. ಮುದ್ದೇಬಿಹಾಳದಿಂದ ಮತ್ತೆ ದೊಡ್ಡಾಸ್ಪತ್ರೆಗೆ ಹೋದೆವು. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ.

"ಒಂದ್ ಹೊತ್ತಿಗೆ ಎಷ್ಟ್ ಉಣ್ತಾಳ್ರಿ?" ಎಂದರು ಡಾಕ್ಟರಮ್ಮ.

ನಮಗೆ ಗೊತ್ತಿರಲಿಲ್ಲ. ಮನೆಯವರೆಲ್ಲ ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುತ್ತೇವೆ. ಯಾರದು ಎಷ್ಟೆಂದು ಯಾರು ನೋಡುತ್ತಾರೆ? ನಮ್ಮ ಕೈಯ ವೇಗಕ್ಕೆ ಅವಳೂ ಗಬಗಬ ನುಂಗುತ್ತಿದ್ದಳು. ಆಪರೇಷನ್ನಿನಲ್ಲಿ ಹೊಟ್ಟೆ ಸಣ್ಣದು ಮಾಡಿದೆ, ನೋವು ಗಬಗಬ ನುಂಗುವುದರಿಂದಲೇ ಎಂದರು ಡಾಕ್ಟರಮ್ಮ.

ಅಂದಿನಿಂದ ಸಣ್ಣ ಬಟ್ಟಲಲ್ಲಿ ಹಾಕಿಕೊಂಡು, ಮೆಲ್ಲಗೆ ಅಗಿದು ಉಣ್ಣತೊಡಗಿದಳು. ನೋವು ಇಳಿಯಿತು. ಆದರೆ ಗೋಡೆಗೊರಗಿ ಒಬ್ಬಳೇ ಕೂರುತ್ತಿದ್ದಳು.

ಇವತ್ತು ಸಂಜೆ, "ತಾಟಿಗೆ ಬಾ ಬೇಟಿ," ಎಂದು ಮೊಮ್ಮಗಳನ್ನು ಕರೆದೆ.

"ಬ್ಯಾಡ ದಾದಿ, ನಿಮ್ ಜೋಡಿ ಕುಂತ್ರ ಮತ್ತ ಅವಸರ ಆಗತೈತಿ."

"ನಿನ್ ತುತ್ತು ಇಳಿದ ಮ್ಯಾಲ ನಾವು ಕೈ ಹಾಕ್ತೇವಿ."

"ಹಂಗಾದ್ರ ಬೆಳಕ ಹರಿತೈತಿ ಬಿಡಮ್ಮಾ," ಎಂದು ನನ್ನ ಮಗ ನಕ್ಕ.

"ಹರೀಲಿ. ನಿನಗೇನ್ ಬಸ್ ತಪ್ಪತೈತೇನು?"

ಅವಳು ಬಟ್ಟಲಿನ ಕಿಚಡಿಯನ್ನು ತಾಟಿನ ಒಂದು ಮಗ್ಗುಲಿಗೆ ಸುರುವಿಕೊಂಡು ನನ್ನ ಪಕ್ಕ ಕೂತಳು. ಅವಳು ಅಗಿದು ನುಂಗುವವರೆಗೆ ಎಲ್ಲರೂ ಕಾದೆವು, ಆಮೇಲೆ ನಮ್ಮ ತುತ್ತು ಎತ್ತಿದೆವು. ಕಿಚಡಿ ತಣ್ಣಗಾಯಿತು. ಯಾರೂ ತಾಟು ಬಿಟ್ಟು ಏಳಲಿಲ್ಲ.